ಬಳೆ ತೊಟ್ಟ ಕೈ

27 ಫೆಬ್ರವರಿ 2025, ಗುರುವಾರ

ನೇತ್ರಾ ನಸುಕಿನಲ್ಲೇ ಡಿಪೋಗೆ ಹೋದಳು. ಈ ವಾರ ಹೊನ್ನಾಳಿ–ನ್ಯಾಮತಿ ರೂಟು. ಡಬ್ಬಿಗೆ ರೊಟ್ಟಿ, ಹೆಸರುಕಾಳು ಪಲ್ಯ. ದುರ್ಗಾ ಎರಡು ಜಡೆ ಬೇಕು ಅಂತ ಹಟ ಮಾಡಿದಳು. ಹಾಕಿದೆ. ಬೈತಲೆ ಸೊಟ್ಟ. ಅಂಗನವಾಡಿಗೆ ಬಿಟ್ಟು ಬಂದೆ.

ಪಕ್ಕದ ಮನೆ ರುದ್ರಾಣಕ್ಕ ಕಾಂಪೌಂಡ್ ಆಚೆಯಿಂದ ಕೇಳಿದರು, ಹೆಂಡ್ತಿ ಡ್ಯೂಟಿಗೆ ಹೋದ್ಲಲ್ಲ, ನಿನಗೆ ಕೆಲಸ ಏನಾದ್ರೂ ಸಿಕ್ತೇನಪ್ಪ ಅಂತ. ಹುಡುಕ್ತಾ ಇದೀನಿ ಅಂದೆ. ಹುಡುಕ್ತಿಲ್ಲ. ನಾನು ಕೆಲಸಕ್ಕಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿದಾಗ ದುರ್ಗಾಗೆ ಹಲ್ಲು ಬರ್ತಿತ್ತು. ನೇತ್ರಾಗೆ ಆಗಷ್ಟೇ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸ ಆಗಿತ್ತು. ಯಾರಾದರೊಬ್ಬರು ಮನೇಲಿ ಇರಬೇಕಿತ್ತು. ನಾನಿದ್ದೆ. ಕೂತು ತೀರ್ಮಾನ ಮಾಡಿದ್ದಲ್ಲ.

5 ಮಾರ್ಚ್, ಬುಧವಾರ

ಯಾವುದೋ ಯೂಟ್ಯೂಬ್ ಚಾನೆಲ್‌ನವರು ನೇತ್ರಾಗೆ ಫೋನ್ ಮಾಡಿದ್ರಂತೆ. ಮಹಿಳಾ ದಿನದ ಸ್ಪೆಷಲ್. ನಾಳೆ ಬರ್ತಾರೆ. ಮನೆಯನ್ನೂ ತೋರಿಸಬೇಕಂತೆ. ನೇತ್ರಾಗೆ ಇಷ್ಟ ಇಲ್ಲ. ಡಿಪೋದಲ್ಲಿ ಎಲ್ಲರೂ ಹ್ಞೂಂ ಅನ್ನಿಸಿದ್ದಾರೆ.

ಅಣ್ಣ ರಂಗನಾಥ್ ಜಗಳೂರಿಂದ ಫೋನ್ ಮಾಡಿದ್ದ. ಇಲ್ಲೇ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ನನಗೊಂದು ಕೆಲಸ ಮಾತಾಡಿದ್ದಾನಂತೆ. ಯುಗಾದಿ ಕಳೆದ ಮೇಲೆ ಸೇರಬೇಕು. ಮಗು ನೋಡಾಕೆ ಅವ್ವನ್ನ ಕಳಿಸ್ತೀನಿ, ಜನ ಕೇಳಿದಾಗ ನನಗೆ ಮುಖ ಎತ್ತಾಕೆ ಆಗ್ತಿಲ್ಲ ಅಂದ. ಸರಿ ಅಂದೆ.

6 ಮಾರ್ಚ್, ಮಧ್ಯಾಹ್ನ

ಈಗ ಹೋದರು. ಪ್ರವೀಣ್ ಕುಮಾರ್ ಅಂತ ಆಂಕರ್, ಜೊತೆಗೆ ಒಬ್ಬ ಕ್ಯಾಮೆರಾದವನು. ಬಸ್‌ಸ್ಟ್ಯಾಂಡಲ್ಲಿ ನೇತ್ರಾ ಸ್ಟೀರಿಂಗ್ ಹಿಡಿದಿದ್ದನ್ನ ಶೂಟ್ ಮಾಡಿ ಮುಗಿಸಿಕೊಂಡೇ ಬಂದಿದ್ದರು. ಇನ್ನು ಅವಳು ಯೂನಿಫಾರ್ಮಲ್ಲೇ ಒಲೆ ಮುಂದೆ ಕೂತು ರೊಟ್ಟಿ ತಟ್ಟಬೇಕು. "ಸ್ಟೀರಿಂಗೂ ಸೈ, ಸೌಟೂ ಸೈ" — ವಿಡಿಯೋಗೆ ಹೆಸರು ಆಗಲೇ ರೆಡಿ.

ಅಡಿಗೆಯೆಲ್ಲ ನಮ್ಮ ಮನೆಯವರದ್ದೇ ಅಂತ ನೇತ್ರಾ ಹೇಳಿದಳು. ನಕ್ಕರು. ತಮಾಷೆ ಅಂದುಕೊಂಡರು.

ಅವಳಿಗೆ ರೊಟ್ಟಿ ಬರಲ್ಲ. ಕೆರೆಬಿಳಚಿಯವಳು, ಅವರ ಮನೇಲಿ ಅನ್ನವೇ. ಮೊದಲನೇದು ಹರೀತು. ಎರಡನೇದು ಅಂಟಿಕೊಂಡ್ತು. ಡ್ಯೂಟಿಗೆ ವಾಪಸ್ ಹೋಗೋ ಹೊತ್ತು... ಪ್ರವೀಣ್ ಕುಮಾರ್ ಬುಟ್ಟಿಯಲ್ಲಿದ್ದ ಬೆಳಗಿನ ರೊಟ್ಟಿ ನೋಡಿ, ಇವನ್ನ ಯಾರು ತಟ್ಟಿದ್ದು ಅಂತ ಕೇಳಿದ. ನಾನು ಅಂದೆ. ನನ್ನ ಕೈ ನೋಡಿದ.

"ಬರೀ ಕೈ ಸರ್. ಕ್ಲೋಸಪ್. ಮುಖ ಬರಲ್ಲ. ಯಾರಿಗೂ ಗೊತ್ತಾಗಲ್ಲ."

ನೇತ್ರಾ ಬ್ಯಾಡ ಅಂದಳು. ಬೇಗ ಮುಗೀಲಿ ಅಂತ ನಾನೇ ಕೂತೆ. ಅವಳ ಖಾಕಿ ಅಂಗಿ ಹಾಕಿಕೊಂಡೆ. ಭುಜದಲ್ಲಿ ಬಿಗಿ. ಅವಳ ಹಸಿರು ಗಾಜಿನ ಬಳೆ ಕೈಗೆ ಏರಲಿಲ್ಲ. ಸೋಪು ಹಚ್ಚಿದ್ವಿ. ಒಂದು ಒಡೀತು. ಮಿಕ್ಕವು ಏರಿದ್ವು. ರೊಟ್ಟಿ ಚೆನ್ನಾಗೇ ಬಂತು. ಹೆಂಚಿನ ಮೇಲೆ ಉಬ್ಬಿತು.

"ಸೂಪರ್. ಹೆಣ್ಮಕ್ಕಳ ಕೈ ಅಂದ್ರೆ ಹಿಂಗಿರಬೇಕು" ಅಂದ ಕ್ಯಾಮೆರಾದವನು. ಆಮೇಲೆ ನೆನಪಾಗಿ ಕೆಮ್ಮಿದ.

ಬಳೆ ಬಿಚ್ಚುವಾಗ ನೇತ್ರಾ ನನ್ನ ಮುಖ ನೋಡಲಿಲ್ಲ.

8 ಮಾರ್ಚ್, ಶನಿವಾರ

ವಿಡಿಯೋ ಬಂತು. ಊರೆಲ್ಲ ನೋಡಿದೆ. ರುದ್ರಾಣಕ್ಕ ಬಂದು ನೇತ್ರಾ ಕೈ ಹಿಡಿದು ಹೊಗಳಿದರು. ಬಸ್ಸಿನ ಭಾಗಕ್ಕಿಂತ ರೊಟ್ಟಿ ಭಾಗಕ್ಕೇ ಕಮೆಂಟ್ ಜಾಸ್ತಿ. ಕೆಲಸಕ್ಕೆ ಹೋದ್ರೂ ಸಂಸ್ಕಾರ ಬಿಟ್ಟಿಲ್ಲ ನೋಡಿ... ಈಗಿನ ಹುಡುಗೀರು ಕಲೀಬೇಕು... ಈ ಕೈಯಿನ ರೊಟ್ಟಿ ತಿನ್ನೋ ಗಂಡ ಪುಣ್ಯವಂತ.

ತಿಂದೆ.

ಸಂಜೆ ನಮ್ಮೂರು ಬಿಳಿಚೋಡಿಂದ ಅವ್ವನ ಫೋನ್. ಯಾರೋ ಮೊಬೈಲಲ್ಲಿ ತೋರಿಸಿದ್ರಂತೆ. ಸುಮಾರು ಹೊತ್ತು ಮಳೆ, ಕುರಿ, ಅದು ಇದು ಮಾತಾಡಿದಳು. ಕೊನೆಗೆ ದನಿ ತಗ್ಗಿಸಿ ಕೇಳಿದಳು:

"ಹೆಬ್ಬೆಟ್ಟಿನ ತಾವ ಸುಟ್ಟ ಕಲೆ ಐತಲ್ಲೋ. ನಿನ್ ಕೈ ಅಲ್ಲೇನೋ ಅದು?"

ಹ್ಞೂಂ ಅಂದೆ. ನನಗೆ ಹೆಂಚು ತಗುಲಿದ್ದು ಅವಳು ಟೈಫಾಯ್ಡ್ ಬಂದು ಮಲಗಿದ್ದ ವರ್ಷ. ಮಲಗಿದಲ್ಲಿಂದಲೇ ರೊಟ್ಟಿ ತಟ್ಟೋದು ಹೇಳಿಕೊಡ್ತಿದ್ದಳು.

"ಯಾರಿಗೂ ಹೇಳಲ್ಲ ಬಿಡು" ಅಂದು ಇಟ್ಟಳು.

15 ಮಾರ್ಚ್, ಶನಿವಾರ

ನೇತ್ರಾಗೆ ಸನ್ಮಾನ. ಯಾವುದೋ ಸಂಘದವರು. ಶಾಲು, ಹಾರ, ಹಣ್ಣಿನ ಬುಟ್ಟಿ. ದುರ್ಗಾನ ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸಾಲಲ್ಲೇ ಇದ್ದೆ. ಭಾಷಣ ಮಾಡಿದವರು ವಿರೂಪಾಕ್ಷಪ್ಪನವರು. ನಾನು ಸೇರಬೇಕಾದ ಮಂಡಿಯ ಸಾಹುಕಾರರು. ಬಸ್ ಓಡಿಸಿದ್ದಲ್ಲ, ಓಡಿಸಿಯೂ ಒಲೆ ಮರೆಯದೆ ಇರೋದೇ ದೊಡ್ಡದು ಅಂದರು. ಚಪ್ಪಾಳೆ.

ಮೈಕ್ ನೇತ್ರಾ ಕೈಗೆ ಬಂತು. ಬರೀ ಥ್ಯಾಂಕ್ಸ್ ಹೇಳ್ತೀನಿ ಅಂತ ಮನೇಲಿ ಅಂದಿದ್ದಳು.

"ವಿಡಿಯೋದಾಗೆ ಇರೋ ಕೈ ನಂದಲ್ಲ. ನಮ್ಮ ಮನೆಯವರದ್ದು. ನನಗೆ ರೊಟ್ಟಿ ತಟ್ಟಾಕೆ ಬರಲ್ಲ. ಮನೆ, ಮಗು ಎಲ್ಲಾ ಅವರೇ ನೋಡ್ತಾರೆ, ಅದಕ್ಕೇ ನಾನು ಬಸ್ ಓಡಿಸ್ತೀನಿ."

ಹಿಂದೆ ಯಾರೋ ಹೋ ಅಂದರು. ನಗು. ಎಲ್ಲಾ ತಿರುಗಿ ನನ್ನ ನೋಡಿದರು — ಮುಖ ಅಲ್ಲ, ಕೈ. ಮಗು ಕೆಳಗೆ ಕೈ ಮುಚ್ಚಿಕೊಂಡೆ.

ನನ್ನನ್ನ ಕೇಳಿರಲಿಲ್ಲ. ಒಂದು ಮಾತು ಕೇಳಬಹುದಿತ್ತು.

18 ಮಾರ್ಚ್, ಮಂಗಳವಾರ

ಆ ಮಾತೂ ಮೊಬೈಲ್‌ಗೆ ಬಂದಿದೆ. ಈಗಿನ ಕಮೆಂಟ್ ಬೇರೆ. ಬಳೆ ತೊಟ್ಟ ಗಂಡಸು. ಸೀರೆ ಯಾವಾಗ. ಹಿಂದಿನ ವಾರ ಪುಣ್ಯವಂತ ಅಂದವರ ಹೆಸರೂ ಅದರಲ್ಲಿತ್ತು.

ಅಣ್ಣ ಫೋನಲ್ಲಿ ಕೂಗಾಡಿದ. ಬಳೆ ಹಾಕ್ಕೊಂಡು ಕೂತೀಯಲ್ಲ, ಮನೆತನದ ಮರ್ಯಾದೆ ಅಂತ. ಯುಗಾದಿಗೆ ಊರಿಗೆ ಬರಬ್ಯಾಡ ಅಂದ.

ಮಂಡಿಗೆ ಹೋಗಿ ಬಂದೆ. ವಿರೂಪಾಕ್ಷಪ್ಪನವರು ಟೀ ಕುಡಿಸಿದರು. ಮಾತು ಸಿಹಿಯಾಗೇ ಇತ್ತು. ಈಗ ಜಾಗ ಇಲ್ಲ, ಮುಂದೆ ನೋಡಾನ ಅಂದರು. ಲೆಕ್ಕ ಬರೆಯೋರಿಬ್ಬರು ನಾನು ಲೋಟ ಹಿಡಿದಿದ್ದನ್ನೇ ನೋಡ್ತಿದ್ದರು.

ನೇತ್ರಾಗೆ ಹೇಳಿದೆ. ಹೌದಾ ಅಂದಳು. ಅಷ್ಟೇ.

4 ಏಪ್ರಿಲ್, ಶುಕ್ರವಾರ

ಬರೆಯೋಕೆ ಮನಸ್ಸಿರಲಿಲ್ಲ. ಯುಗಾದಿ ಇಲ್ಲೇ ಆಯ್ತು. ಹೋಳಿಗೆ ಮಾಡಿದೆ. ನೇತ್ರಾ ಜೊತೆ ಮಾತು ಡಬ್ಬಿ, ಹಾಲು, ದುರ್ಗಾ ಔಷಧಿ — ಇಷ್ಟಕ್ಕೇ. ನ್ಯಾಮತಿ ಸ್ಟ್ಯಾಂಡಲ್ಲಿ ಅವಳನ್ನೂ ರೇಗಿಸ್ತಾರಂತೆ, ಮನೇಲಿ ಯಾರು ಗಂಡ ಅಂತ. ಅವಳು ಹೇಳಿದ್ದಲ್ಲ. ರುದ್ರಾಣಕ್ಕ ಹೇಳಿದ್ದು.

11 ಏಪ್ರಿಲ್, ಶುಕ್ರವಾರ

ಪ್ರವೀಣ್ ಕುಮಾರ್ ಮತ್ತೆ ಬಂದಿದ್ದ, ಕ್ಯಾಮೆರಾದವನ ಜೊತೆ. ಈ ಸಲ ನನ್ನದೇ ವಿಡಿಯೋ. ಜನ ಕೇಳ್ತಿದಾರೆ ಸರ್ ಅಂದ. ಕೂರಿಸಿದೆ. ಒಂದು ಯೋಚನೆ ಬಂತು, ಇರಲಿ, ಇದ್ದದ್ದನ್ನ ಇದ್ದಂಗೆ ತೋರಿಸಲಿ ಅಂತ. ಒಲೆ ಹಚ್ಚಿದೆ. ಬ್ಯಾಗಿಂದ ಏಪ್ರನ್ ತೆಗೆದ, ಹೂವಿನದು. ಮುಖಕ್ಕೆ ಸ್ವಲ್ಪ ಹಿಟ್ಟು ಬಳಕೊಳ್ಳಿ ಅಂದ. ಆಮೇಲೆ ರೊಟ್ಟಿ ಕರ್ರಗೆ ಸುಡಬೇಕು, ಬೆರಳು ಸುಟ್ಟುಕೊಂಡು ಕುಣೀಬೇಕು. ಗಂಡಸು ಅಡಿಗೆ ಮನೇಲಿ ಅಂದ್ರೆ ಕಾಮಿಡಿನೇ ಓಡೋದು ಸರ್.

ಹೆಂಚು ಕಾದಿತ್ತು. ಒಂದು ತಟ್ಟಿ ಹಾಕಿದೆ. ಉಬ್ಬಿತು. ತೆಗೆದೆ.

"ನನಗೆ ಸುಡಾಕೆ ಬರಲ್ಲ ರೀ. ತಿಂದು ಹೋಗ್ರಿ."

ಚಟ್ನಿಪುಡಿ ಜೊತೆ ತಿಂದರು ಇಬ್ಬರೂ. ಕ್ಯಾಮೆರಾ ಬ್ಯಾಗಲ್ಲೇ ಇತ್ತು.

ಸಂಜೆ ನೇತ್ರಾಗೆ ಹೇಳಿದೆ. ಮೊದಲು ನಕ್ಕಳು, ಆಮೇಲೆ ಅಂದಳು:

"ಅವತ್ತು ಸ್ಟೇಜ್ ಮ್ಯಾಲೆ ಹೇಳಾಕೆ ಮುಂಚೆ ನಿಮ್ಮನ್ನ ಕೇಳಬೇಕಿತ್ತು."

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಆ ಚಪ್ಪಾಳೆ ನನಗೆ ತಗೊಳ್ಳಾಕೆ ಆಗಲಿಲ್ಲ ರೀ."

ಕೋಪ ಪೂರ್ತಿ ಹೋಗಿಲ್ಲ. ಆದರೆ ಇವತ್ತು ಜೊತೆಗೆ ಕೂತು ಉಂಡ್ವಿ.

29 ಮೇ, ಗುರುವಾರ

ದುರ್ಗಾನ ಎಲ್‌ಕೆಜಿಗೆ ಸೇರಿಸಿದ್ವಿ. ನೇತ್ರಾ ಡ್ಯೂಟಿಯಿಂದ ನೇರ ಬಂದಳು, ಖಾಕಿಯಲ್ಲೇ. ಮಿಸ್ ಕೇಳುತ್ತಾ ಬರೆದುಕೊಂಡರು. ತಾಯಿ ಏನ್ಮಾಡ್ತಾರೆ ಅಂತ ಕೇಳಲಿಲ್ಲ, ಕಾಣ್ತಿತ್ತು. ತಂದೆ? ಅಂದರು.

ನೇತ್ರಾ ನನ್ನ ಕಡೆ ನೋಡಿದಳು. ಈ ಸಲ ಬಾಯಿ ಬಿಡಲಿಲ್ಲ, ನನಗೇ ಬಿಟ್ಟಳು. ಬಾಗಿಲ ಹತ್ತಿರ ಇನ್ನೂ ಮೂರ್ನಾಲ್ಕು ಅಪ್ಪಂದಿರು.

"ಮನೇಲಿ ಇರ್ತೀನಿ. ಅಡಿಗೆ, ಮಗು, ಮನೆ ನೋಡ್ಕೋತೀನಿ."

ದನಿ ತಗ್ಗಿಸಲಿಲ್ಲ. ಮಿಸ್ ಬರೆದುಕೊಂಡರು. ಬ್ಲಡ್ ಗ್ರೂಪ್ ಯಾವುದು ಅಂದರು.

ಅಷ್ಟೇ ಆಗಿದ್ದು. ದೊಡ್ಡದೇನೋ ಬರೀಬೇಕು ಅಂತ ಕೂತೆ, ಆದರೆ ಬರೆಯೋಕೆ ಇನ್ನೇನೂ ಇಲ್ಲ. ಒಳಗೆ ದುರ್ಗಾ ಎದ್ದಳು ಅನ್ಸುತ್ತೆ, ಕರೀತಿದಾಳೆ.