ಕೌಂಟ್ ನಾರ್ಮಲ್ ಇದ್ದ ಪ್ರಿಯದರ್ಶಿನಿ

ರಕ್ತ ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ಶಿವಮೊಗ್ಗದ ನಮ್ಮ ಪ್ರಯೋಗಾಲಯದಲ್ಲಿದ್ದ ಪ್ಲೇಟ್‌ಲೆಟ್ ಪರೀಕ್ಷೆಯ ಯಂತ್ರವನ್ನು ಕಳೆದ ವರ್ಷ ತಾವು ಬೆಂಗಳೂರಿಗೆ ತರಿಸಿಕೊಂಡಿರಿ. ಆಮೇಲೆ ಭದ್ರಾವತಿಯ ಒಬ್ಬ ಹುಡುಗಿ ರಕ್ತ ನಿಲ್ಲದೆ ಸತ್ತಳು. ಇವೆರಡಕ್ಕೂ ಸಂಬಂಧವಿಲ್ಲವೆಂದು ತಮ್ಮ ಕಚೇರಿ ಹೇಳುತ್ತದೆ. ಇದೆ ಎಂದು ನಾನು ಖಾಸಗಿಯಾಗಿ ಹೇಳಿದ್ದು ತಮಗೆ ಕೇಳಿಸಲಿಲ್ಲ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ನನ್ನ ವೃತ್ತಿಜೀವನವೆಲ್ಲ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಜೊತೆಗೇ ಕಳೆದಿದೆ. ಡೆಂಗಿ ಕಾಲದಲ್ಲಿ ಗೋಪಾಳ ಬಡಾವಣೆಯ ನಮ್ಮ ಬೀದಿಯವರೂ ಕೌಂಟ್ ಎಷ್ಟಿಳಿಯಿತೆಂದು ವಿಚಾರಿಸಿಕೊಂಡು ಪಪ್ಪಾಯಿ ಎಲೆ ಹುಡುಕುತ್ತಾರೆ. ಆದರೆ ಕೆಲವರಲ್ಲಿ ಕೌಂಟ್ ಸರಿಯಾಗಿಯೇ ಇರುತ್ತದೆ. ಗಾಯವಾದಾಗ ಆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಹುಟ್ಟಿನಿಂದ ಬರುವ, ಸಂಬಂಧದೊಳಗೇ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ದೋಷವೇ ನನ್ನ ಸಂಶೋಧನೆಯ ವಿಷಯ. ನನ್ನ ಯಂತ್ರಕ್ಕೆ ತಾಜಾ ರಕ್ತವೇ ಬೇಕು. ನಾನು ಬೆಂಗಳೂರಿನಲ್ಲಿದ್ದಾಗ ಈ ಕಡೆಯ ಮಾದರಿಗಳು ದಾರಿಯಲ್ಲೇ ಕೆಟ್ಟುಹೋಗುತ್ತಿದ್ದವು. ರಕ್ತ ನನ್ನ ಬಳಿ ಬರಲಾಗದಿದ್ದರೆ ನಾನೇ ಅದರ ಬಳಿ ಹೋಗಬೇಕೆಂದು ಶಿವಮೊಗ್ಗಕ್ಕೆ ಬಂದೆ. ಈಗ ತಮ್ಮ ಆದೇಶ ಹೇಳುತ್ತದೆ: ಮಾದರಿಗಳನ್ನು ಕೊರಿಯರ್ ಮಾಡಬಹುದು. ರಕ್ತವೇನು ಮದುವೆ ಪತ್ರಿಕೆಯೇ?

ಭದ್ರಾವತಿಯ ಕಾಳಮ್ಮ ಕಲ್ಯಾಣ ಮಂಟಪಗಳಲ್ಲಿ ಅಡುಗೆ ಮಾಡುವವರು, ಸೋದರಮಾವನನ್ನೇ ಮದುವೆಯಾದವರು. ಯಂತ್ರ ಇನ್ನೂ ಇಲ್ಲಿದ್ದಾಗ ಹಿರಿಯ ಮಗಳು ಮಂಜುಶ್ರೀಯನ್ನು ಕರೆತಂದಿದ್ದರು. ಹುಡುಗಿಯ ತೋಳಿನ ತುಂಬ ನೀಲಿ ಕಲೆ.

"ಸ್ಕೂಲಲ್ಲಿ ಎಲ್ರೂ ನಾನೇ ಹೊಡೀತೀನಿ ಅನ್ನೋ ಥರ ನೋಡ್ತಾರೆ ಮೇಡಂ," ಎಂದರು ಕಾಳಮ್ಮ.

ಆರೋಗ್ಯವಂತರ ಮಾದರಿಗೆ ಪರೀಕ್ಷೆಯ ದ್ರಾವಣ ಬಿಟ್ಟರೆ ಕಣಗಳು ಗಂಟುಕಟ್ಟಿ ಅದು ತಿಳಿಯಾಗುತ್ತದೆ. ಮಂಜುಶ್ರೀಯದು ಕದಡಿದಂತೆಯೇ ಉಳಿಯಿತು. ಕಾಯಿಲೆಯ ಹೆಸರು ಕೇಳಿ ಆಕೆ ಹೆದರಲಿಲ್ಲ.

"ಅಮ್ಮ ಹೊಡೆದಿಲ್ಲ ಅಂತನೂ ಬರೀರಿ," ಎಂದಳು.

ಬರೆದುಕೊಟ್ಟೆ. ಮುಂದೆ ಹಲ್ಲು ಕೀಳುವಾಗ ವರದಿ ನೋಡಿದ ವೈದ್ಯರು ಮೊದಲೇ ಪ್ಲೇಟ್‌ಲೆಟ್ ತರಿಸಿಟ್ಟುಕೊಂಡರು. ಆಕೆ ಬದುಕಿದ್ದಾಳೆ.

ತಂಗಿ ಪ್ರಿಯದರ್ಶಿನಿಯ ಕಾಲಲ್ಲಿ ಕಲೆ ಕಾಣಿಸಿಕೊಳ್ಳುವ ಹೊತ್ತಿಗೆ ಯಂತ್ರ ಹೋಗಿತ್ತು. ಆದೇಶ ಪಾಲಿಸಿ ಆಕೆಯ ರಕ್ತವನ್ನು ಬೆಂಗಳೂರಿಗೆ ಕೊರಿಯರ್‌ನಲ್ಲಿ ಕಳುಹಿಸಿದೆ. 'ಪರೀಕ್ಷೆಗೆ ಯೋಗ್ಯವಲ್ಲ' ಎಂದು ಉತ್ತರ ಬಂತು. ಹುಡುಗಿಯನ್ನೇ ಬೆಂಗಳೂರಿಗೆ ಕರೆದೊಯ್ಯಿರಿ ಎಂದೆ. ರಜೆ ಬರಲಿ ಎಂದು ಕಾದರು. ಅಷ್ಟರಲ್ಲಿ ಆಕೆ ದೊಡ್ಡವಳಾದಳು, ಮೊದಲ ಮುಟ್ಟಿನ ಸ್ರಾವ ನಿಲ್ಲಲೇ ಇಲ್ಲ. ಭದ್ರಾವತಿಯ ಆಸ್ಪತ್ರೆಯಲ್ಲಿ ವೈದ್ಯರೊಡನೆ ನಡೆದ ಮಾತನ್ನು ಕಾಳಮ್ಮ ಆಮೇಲೆ ನನಗೆ ಹೇಳಿದರು.

"ಇವಳ ಅಕ್ಕಂಗೆ ರಕ್ತ ನಿಲ್ಲಲ್ಲ ಸಾರ್. ಇವಳಿಗೂ ಅದೇ ಇರ್ಬೇಕು."

"ಇವಳ ರಿಪೋರ್ಟ್ ಎಲ್ಲಿ?"

"ಶಿವಮೊಗ್ಗದಲ್ಲಿ ಮೆಷಿನ್ ಇಲ್ಲ ಅಂದ್ರು."

"ಕೌಂಟ್ ನಾರ್ಮಲ್ ಇದೆಯಲ್ಲಮ್ಮ. ಮೊದಲ್ನೇ ಸಲ ಹೀಗಾಗುತ್ತೆ. ಮನೆಗೆ ಕರ್ಕೊಂಡ್ಹೋಗಿ ಮಾತ್ರೆ ಕೊಟ್ಟು ಮಲಗ್ಸಿ."

ಎರಡನೇ ಸಲ ಕರೆದೊಯ್ಯುವಾಗ ಕಾಳಮ್ಮ ಆಟೋದಿಂದಲೇ ನನಗೆ ಫೋನ್ ಮಾಡಿದರು. ಪ್ಲೇಟ್‌ಲೆಟ್ ಹೊಂದಿಸಿಕೊಂಡು ನಾನು ಭದ್ರಾವತಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆ ಹಳದಿ ಪ್ಲೇಟ್‌ಲೆಟ್ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಅಲ್ಲೇ ನಿಂತಿದ್ದೆ. ಈಗಲೂ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ಆ ಚೀಲದ ತೂಕ ಅಂಗೈಗೆ ಬರುತ್ತದೆ. ಕೈತೊಳೆದರೂ ಹೋಗುವುದಿಲ್ಲ.

ತಮ್ಮ ವಿಭಾಗಕ್ಕೆ ದೂರು ಕೊಟ್ಟೆ. 'ಮೃತಳಿಗೆ ಸದರಿ ರೋಗವಿತ್ತೆಂಬುದಕ್ಕೆ ದಾಖಲೆ ಇಲ್ಲ' ಎಂಬ ಉತ್ತರ ಬಂತು. ದಾಖಲೆ ಇಲ್ಲದಂತೆ ಮಾಡಿದವರು ಯಾರು, ಮಾನ್ಯರೇ? ಶಿವಮೊಗ್ಗದಲ್ಲಿ ಇಂಥ ರೋಗಿಗಳು ಕಡಿಮೆ ಎಂಬುದು ಯಂತ್ರ ಒಯ್ಯಲು ತಾವು ಕೊಟ್ಟ ಕಾರಣ. ಈಗ ಒಬ್ಬಳು ಇನ್ನೂ ಕಡಿಮೆಯಾಗಿದ್ದಾಳೆ. ಮಂಜುಶ್ರೀ ಒಂದು ದಿನ ಬಂದು ಕೇಳಿದಳು, "ಅವಳಿಗೂ ನಂದೇ ಕಾಯಿಲೆ ಇತ್ತಾ ಮೇಡಂ?" ಇತ್ತೆಂದು ನನ್ನ ಮನಸ್ಸಿಗೆ ಗೊತ್ತು. ಆದರೆ ಇಷ್ಟು ವರ್ಷ ಪುರಾವೆಯಿಲ್ಲದೆ ಒಂದು ಸಾಲನ್ನೂ ಬರೆಯದ ನಾನು, ಪರೀಕ್ಷೆಯಾಗಿಲ್ಲ ಎಂದಷ್ಟೇ ಹೇಳಿದೆ. ಹುಡುಗಿ ಎದ್ದು ಹೋದಳು.

ಯಂತ್ರವನ್ನು ಹಿಂದಕ್ಕೆ ಕಳುಹಿಸಿ. ಅಲ್ಲಿಯವರೆಗೆ, ರಕ್ತ ನಿಲ್ಲದ ಮಗುವನ್ನು ಕೌಂಟ್ ನೋಡಿ ಯಾರೂ ಮನೆಗೆ ಕಳುಹಿಸಬಾರದೆಂಬ ಸೂಚನೆ ಆಸ್ಪತ್ರೆಗಳಿಗೆ ಹೋಗುವಂತೆ ಮಾಡಿ. ಕಾಳಮ್ಮನ ತಂಗಿ ಯಲ್ಲಮ್ಮ ಮೊನ್ನೆ, ಅದೇ ನೀಲಿ ಕಲೆ ಕಂಡಿತೆಂದು ತಮ್ಮ ಪುಟ್ಟ ಮಗಳನ್ನು ಕರೆತಂದಿದ್ದರು. ನಾನು ಕೇಳುವ ಮೊದಲೇ ಮಗು ತೋಳು ಚಾಚಿತು. ಆ ರಕ್ತ ತೆಗೆದುಕೊಂಡು ನಾನು ಏನು ಮಾಡಲಿ, ತಾವೇ ಹೇಳಿ.

ಇಂತಿ,
ಯಂತ್ರವಿಲ್ಲದ ಪ್ರಯೋಗಾಲಯಕ್ಕೆ ದಿನವೂ ಬಂದು ಕೂರುವ,
ಬಸವರಾಜೇಶ್ವರಿ
ಹಿರಿಯ ವಿಜ್ಞಾನಿ, ಶಿವಮೊಗ್ಗ