ಎರಡು ನಿಮಿಷದ ಬೆಳಕು

ಮಾರ್ಚ್ ೧೪, ಗುರುವಾರ

ಅಣ್ಣನ ಅಂಗೈಯಲ್ಲಿ ಎದ್ದ ಬೊಬ್ಬೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನೀರಿನ ಟ್ಯಾಂಕ್ ತೊಳೆಯುವ ಅವನಿಗೆ ಇನ್ನಷ್ಟು ಬೆಳಕು ಬೇಕಿತ್ತು. ಅವನ ಅಗ್ಗದ ಎಲ್‌ಇಡಿ ಟಾರ್ಚನ್ನು ಮೊನ್ನೆ ನಾನೇ ಬಿಚ್ಚಿದೆ. ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್ ಕಿತ್ತು, ಆ ಜಾಗಕ್ಕೆ ತಾಮ್ರದ ತಂತಿ ಬೆಸೆದೆ. ಗೋಡೆಗೆ ಬಿಟ್ಟರೆ ಹಗಲೇ ಇಳಿದು ಬಂದಂತಿತ್ತು. ಎರಡೇ ಎರಡು ನಿಮಿಷ ಉರಿಸಿ, ಅತ್ತಿಗೆಯ ಎದುರು ಮೀಸೆ ತಿರುವಿದೆ. ಟ್ಯಾಂಕಿನ ಕೆಲಸ ಅರ್ಧ ಗಂಟೆಯದೆಂದು ನನಗೇನು ಗೊತ್ತಿರಲಿಲ್ಲವೇ?

ಇವತ್ತು ಟ್ಯಾಂಕಿನ ತಳದಲ್ಲಿ ಟಾರ್ಚು ಕಾದ ಕಾವಲಿಯಾಯಿತಂತೆ. ಕೈಬಿಟ್ಟರೆ ನೀರಿಗೆ ಬೀಳುತ್ತದೆ, ಏಣಿಯೂ ಕಾಣುವುದಿಲ್ಲ. ಅದಕ್ಕೇ ಹಿಡಿದುಕೊಂಡೇ ಮೇಲೆ ಹತ್ತಿದನಂತೆ.

"ಕೈ ತೋರ್ಸಣ್ಣ" ಎಂದೆ.

"ಏನ್ ನೋಡ್ತೀಯ? ಚೆನ್ನಾಗೇ ಬೆಂದಿದೆ. ಉಪ್ಪು ಖಾರ ಹಾಕೋದೊಂದು ಬಾಕಿ."

ಅತ್ತಿಗೆ ನಗಲಿಲ್ಲ. "ಕಥೆ ಹೇಳೋಕೆ ಕೂತ್ರೆ ಗಂಟೆಗಟ್ಲೆ ಹೇಳ್ತೀಯಲ್ಲ ಮಹರಾಯ, ಇದನ್ನ ಅರ್ಧ ಗಂಟೆ ಉರಿಸಿ ನೋಡೋಕೆ ಪುರುಸೊತ್ತಿರ್ಲಿಲ್ವಾ?"

ಊರಿಗೆಲ್ಲ ಕಥೆ ಹೇಳುವ ನಾನು ಆ ಟಾರ್ಚನ್ನು ಎತ್ತಿಕೊಂಡು ನನ್ನ ಕೋಣೆಗೆ ಬಂದೆ.

ನಾಳೆಯ ಕೆಲಸಕ್ಕೆಂದು ಅಣ್ಣ ಹಳೆಯ ಮಂಕು ಟಾರ್ಚಿಗೆ ಸೆಲ್ ಹಾಕಿ ಬಾಗಿಲ ಬಳಿ ಇಟ್ಟಿದ್ದಾನೆ. ನನ್ನನ್ನು ಬೈಯಲಿಲ್ಲ. ಒಮ್ಮೆ ಸರಿಯಾಗಿ ಬೈದಿದ್ದರೆ ಸಾಕಿತ್ತು, ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ನಾನು ಬೆಸೆದದ್ದು ಈ ಮೇಜಿನ ಮೇಲಿದೆ. ಈಗಷ್ಟೇ ಹಚ್ಚಿ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನೋಡಿದೆ. ಐದನೆಯ ನಿಮಿಷಕ್ಕೆ ಬಿಸಾಕಿದೆ. ಅವನು ಆ ಏಣಿಯ ಹನ್ನೆರಡು ಮೆಟ್ಟಿಲನ್ನು ಇದನ್ನು ಹಿಡಿದುಕೊಂಡೇ ಅದು ಹೇಗೆ ಹತ್ತಿದನೋ.