ಕೋಟಿನ ಗುಂಡಿ ಯಾವ ಕಡೆ

ಗುರುವಾರ, ಸಂಜೆ ಆರು ಗಂಟೆ

ಪ್ರೀತಿಯ ಅಕ್ಕನಿಗೆ,

ಲಕೋಟೆಯ ಮೇಲಿನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನೋಡಿದ ಕೂಡಲೇ ಇದು ಯಾರ ಪತ್ರವೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮೊದಲು ಒಮ್ಮೆ ಓದು. ಹಾಳೆಯ ಒಂದೇ ಮಗ್ಗುಲಿಗೆ ಬರೆಯುತ್ತಿದ್ದೇನೆ. ಇನ್ನೊಂದು ಮಗ್ಗುಲಲ್ಲಿ ಗಿರಾಕಿಗಳ ಅಳತೆ ಬರೆದುಕೊಳ್ಳಲು ನಿನಗಾದೀತು.

ನಾವು ಮಾತು ಬಿಟ್ಟು ಬರುವ ತಿಂಗಳಿಗೆ ಎರಡು ವರ್ಷ.

ಇವತ್ತು ನನ್ನ ತಿರುಗಾಟದ ದಿನವಲ್ಲವೇ, ಎಂದಿನಂತೆ ಒಬ್ಬಳೇ ದೋಣಿಕಟ್ಟೆಗೆ ಹೋಗಿದ್ದೆ. ಹೊಳೆ, ದೋಣಿ, ಜನ ಎಲ್ಲ ಇದ್ದಲ್ಲೇ ಇವೆ. ಎರಡು ಗಂಟೆ ಬೆಂಚಿನ ಮೇಲೆ ಕುಳಿತು, ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಬಂದೆ. ಎರಡು ವರ್ಷದಿಂದ ಇದೇ ಹಣೆಬರಹ. ಎಲ್ಲವನ್ನೂ ನೋಡುತ್ತೇನೆ, ಒಂದು ಸಾಲೂ ಹುಟ್ಟುವುದಿಲ್ಲ. ಹೊಸ ಪುಸ್ತಕ ಎಲ್ಲಿಗೆ ಬಂತು ಎಂದು ಪ್ರಕಾಶಕರು ಫೋನ್ ಮಾಡಿದಾಗಲೆಲ್ಲ ಕೆಮ್ಮುತ್ತೇನೆ. ನನಗೆ ಏನೋ ದೊಡ್ಡ ಕಾಯಿಲೆಯೆಂದು ಅವರು ನಂಬಿದ್ದಾರೆ.

ನಮ್ಮ ಹಳೆಯ ಗುರುವಾರಗಳು ನೆನಪಾಗುತ್ತವೆ ಅಕ್ಕ. ನನಗೆ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ, ವಾರಕ್ಕೊಂದು ರಜೆ. ನಿನಗೆ ಮನೆಯ ಮುಂದಿನ ಕೋಣೆಯ ಅಂಗಡಿಯಲ್ಲಿ ಹೊಲಿಗೆ ಮಶೀನು, ಒಳಕೋಣೆಯ ಮಂಚದಲ್ಲಿ ಎದ್ದು ಓಡಾಡಲಾರದ ಅಮ್ಮ. ಹೊಲಿಯುತ್ತಲೇ ಅಮ್ಮನ ಪಾದ ಕಾಣಲೆಂದು ನೀನು ನಡುವಿನ ಬಾಗಿಲನ್ನು ಎಂದೂ ಮುಚ್ಚುತ್ತಿರಲಿಲ್ಲ. ಹೋಗೇ ಗಿರಗಿಟ್ಲೆ, ಎಲ್ಲಾದ್ರೂ ತಿರುಗಾಡ್ಕೊಂಡು ಬಾ, ಮನೇಲಿದ್ರೆ ನನ್ ತಲೆ ತಿಂತೀಯ ಅಂತ ನೀನೇ ನನ್ನನ್ನು ಅಟ್ಟುತ್ತಿದ್ದೆ. ಸಂಜೆ ಮೆಟ್ಟಿಲ ಮೇಲೆ ನನ್ನ ಚಪ್ಪಲಿ ಸದ್ದಾದರೆ ಸಾಕು, ನೀನು ಮಶೀನಿನ ಪಕ್ಕದ ಮೂರು ಕಾಲಿನ ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ಬೇರೆಡೆ ಹಾಕುತ್ತಿದ್ದೆ. ಕೂತ್ಕೋ, ಏನ್ ನೋಡ್ದೆ ಹೇಳು ಅನ್ನುತ್ತಿದ್ದೆ.

ದೋಣಿಯವನ ಕೋಟು ನೆನಪಿದೆಯೇ? ಚಳಿಗೆ ಒಬ್ಬ ದೋಣಿಯವನು ಉದ್ದ ಕೋಟು ಹಾಕಿಕೊಂಡಿದ್ದ ಎಂದು ನಾನು ದೊಡ್ಡದಾಗಿ ವರ್ಣಿಸಿದ್ದೆ. ನೀನು ಹಲ್ಲಿನಲ್ಲಿ ದಾರ ಕಡಿಯುತ್ತ, ಗುಂಡಿ ಯಾವ ಕಡೆ ಇತ್ತು ಅಂದೆ. ನಾನು ನೋಡಿರಲಿಲ್ಲ. ಕಣ್ಣಿರೋದು ಕಾಡಿಗೆ ಹಚ್ಚೋಕಾ ಅಂತ ಬೈದು, ಮರುವಾರ ಅದನ್ನು ನೋಡಿಕೊಂಡು ಬರಲೆಂದೇ ಕಳಿಸಿದೆ. ಗುಂಡಿಗಳು ಅವನ ಎಡಗಡೆ ಇದ್ದವು. ಹಾಗಾದ್ರೆ ಅದು ಹೆಂಗಸರ ಕೋಟು ಕಣೇ, ಭುಜದ ಹೊಲಿಗೆ ಬಿಚ್ಚಿ ಅಗಲ ಮಾಡ್ಕೊಂಡಿದಾನಾ ನೋಡಿದ್ಯಾ ಅಂದೆ. ಮೂರನೆಯ ವಾರ ನಾನು ಅವನನ್ನೇ ಕೇಳಿದೆ. ಹೆಂಡತಿಯದು, ಅವಳು ಹೋಗಿ ಮೂರು ಚಳಿಗಾಲವಾಯಿತು ಎಂದ. ನನ್ನ ಮೊದಲ ಕಥೆ ಹುಟ್ಟಿದ್ದು ಹಾಗೆ.

ಆಮೇಲೆ ಬರೆದ ಎಲ್ಲ ಕಥೆಗಳೂ ಆ ಸ್ಟೂಲಿನ ಮೇಲೆಯೇ ಹುಟ್ಟಿದವು. ಈ ಲೇಖಕಿಯ ಕಣ್ಣಿಗೆ ಬಟ್ಟೆಯ ಒಂದು ಎಳೆಯೂ ತಪ್ಪುವುದಿಲ್ಲವೆಂದು ವಿಮರ್ಶಕರೊಬ್ಬರು ಬರೆದ ದಿನ ನಾನು ಸ್ವೆಟರನ್ನು ಒಳಗು ಹೊರಗಾಗಿ ಹಾಕಿಕೊಂಡು ನಿನ್ನ ಮುಂದೆ ಕುಳಿತಿದ್ದೆ. ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಮ್ಮ ತೀರಿಕೊಂಡು ನಾನು ಬೇರೆ ಮನೆ ಮಾಡಿದ ಮೇಲೂ ಗುರುವಾರದ ಸಂಜೆ ತಪ್ಪಿರಲಿಲ್ಲ.

ಆಮೇಲೆ ರೇಡಿಯೋದವರು ಕರೆದರು. ನಿಮಗೆ ಕಥೆಗಳು ಎಲ್ಲಿಂದ ಸಿಗುತ್ತವೆ ಎಂದು ಕೇಳಿದರು. ನಾನು ಒಬ್ಬಳೇ ತಿರುಗುತ್ತೇನೆ, ಒಬ್ಬಳೇ ನೋಡುತ್ತೇನೆ, ಬರೆಯುವವಳಿಗೆ ಇನ್ನೊಬ್ಬರ ಹಂಗು ಇರಬಾರದು ಎಂದೆ. ಮಾತು ಚೆನ್ನಾಗಿ ಬಂತೆಂದು ಹಿಗ್ಗಿದೆ ಕೂಡ. ನೀನು ಮಶೀನು ನಿಲ್ಲಿಸಿ ಕೇಳಿರಬೇಕು. ರಾತ್ರಿ ಫೋನಿನಲ್ಲಿ ನೀನು ಅಂದದ್ದು ಒಂದೇ ಮಾತು. ಒಬ್ಬಳೇ ಅಂದ್ಯಲ್ಲ, ಸರಿ ಬಿಡು. ನಾನು ಕ್ಷಮೆ ಕೇಳಬೇಕಿತ್ತು. ಅದರ ಬದಲು, ನಿನಗೆ ಹೊಟ್ಟೆಕಿಚ್ಚು ಅಂದೆ. ಹತ್ತಿದ ಏಣಿ ಒದ್ದವಳ ಬಾಯಲ್ಲಿ ಇನ್ನೇನು ಬಂದೀತು.

ಇನ್ನೊಂದು ಮಾತನ್ನು ಇವತ್ತು ಒಪ್ಪಿಕೊಳ್ಳಬೇಕು. ಹೊಳೆ ಎಷ್ಟು ಅಗಲ ಇದೆ ಅಂತ ನೀನು ಒಮ್ಮೆ ಕೇಳಿದ್ದೆ. ನಮ್ಮ ಬೀದಿಯ ಇಪ್ಪತ್ತರಷ್ಟು ಅಂದೆ. ನೀನು ತಲೆಯೆತ್ತಿ ಬಾಗಿಲಾಚೆಯ ಬೀದಿಯನ್ನು ಬಹಳ ಹೊತ್ತು ನೋಡಿದೆ. ಈ ವಾರ ನಾನು ಅಮ್ಮನ ಹತ್ತಿರ ಇರ್ತೀನಿ, ನೀನು ಹೋಗಿ ನೋಡ್ಕೊಂಡು ಬಾ ಅನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಹನ್ನೊಂದು ವರ್ಷದ ಗುರುವಾರಗಳಲ್ಲಿ ಒಂದನ್ನೂ ನಿನಗೆ ಬಿಟ್ಟುಕೊಡಲಿಲ್ಲ. ಅದು ನೆನಪಾದರೆ ಈಗ ಸಂಕಟವಾಗುತ್ತದೆ.

ಅದಕ್ಕೇ ಒಂದು ಮಾತು ಕೇಳುತ್ತೇನೆ. ಮುಂದಿನ ಗುರುವಾರ ನೀನು ಹೋಗು. ಒಬ್ಬಳೇ ಹೋಗು. ಅಂಗಡಿಯಲ್ಲಿ ನಾನು ಕೂರುತ್ತೇನೆ. ಗುಂಡಿ ಹೊಲಿಯುವುದು ಬಿಟ್ಟು ಬೇರೇನೂ ಬಾರದು, ಅದನ್ನೂ ನೀನು ಬಿಚ್ಚಿ ಹೊಲಿಯಬೇಕಾದೀತು. ಸಂಜೆ ಬಂದು ನೋಡಿದ್ದೆಲ್ಲ ಹೇಳು. ಈ ಸಲ ಪ್ರಶ್ನೆ ಕೇಳುವ ಸರದಿ ನನ್ನದು. ಕಥೆ ಹುಟ್ಟದಿದ್ದರೆ ಬೇಡ, ನನಗೆ ನೀನು ಬೇಕು.

ನಿನ್ನ,
ಗಿರಗಿಟ್ಲೆ

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಇವತ್ತು ನಾನು ದೋಣಿಕಟ್ಟೆಗೆ ಹೋಗಲಿಲ್ಲ. ನಿನ್ನ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಎರಡು ಗಂಟೆ ನಿಂತಿದ್ದೆ, ಬೀದಿ ದಾಟುವ ಧೈರ್ಯ ಬರಲಿಲ್ಲ. ನೀನು ಬೂದುಬಣ್ಣದ ಸ್ವೆಟರ್ ಹಾಕಿದ್ದೆ, ಮೇಲಿನಿಂದ ಎರಡನೆಯ ಗುಂಡಿ ಬೇರೆ ಬಣ್ಣದ್ದು. ಬಟ್ಟೆ ಮೇಜಿನ ಮೇಲೆ ರಾಶಿ ಬಿದ್ದಿತ್ತು, ನೆಲದ ಮೇಲಿತ್ತು, ಕಿಟಕಿಯ ಕಟ್ಟೆಯ ಮೇಲೂ ಇತ್ತು. ಮಶೀನಿನ ಪಕ್ಕದ ಸ್ಟೂಲಿನ ಮೇಲೆ ಮಾತ್ರ ಒಂದು ಚೂರೂ ಇರಲಿಲ್ಲ. ಯಾರೂ ಕೇಳದೆ ನಾನಾಗಿಯೇ ನೋಡಿಕೊಂಡು ಬಂದದ್ದು ಇದೊಂದೇ ಅಕ್ಕ.